ಗಚ್ಚು ಒಣಗುವ ತನಕ

ಗೋಡೆಗೆ ಹಾಕಿದ ಸುಣ್ಣದ ಗಚ್ಚಿಗೆ ಒಂದು ತಂಪು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಗೋವೆಯ ಸಡಾದ ನಮ್ಮ ಮನೆಯಲ್ಲಿ ಹೋದ ತಿಂಗಳಿಂದ ಅದೇ ವಾಸನೆ. ನನ್ನ ಪಾಲಿಗೂ ತಮ್ಮ ಬಸಪ್ಪನ ಪಾಲಿಗೂ ನಡುವಿನ ಬಾಗಿಲನ್ನು ಮುಚ್ಚಬೇಕಂತೆ. ನಳದ ನೀರಿನ ಪಾಳಿಗೆ ಜಗಳವಾಗಿ, ಅವನು ಇಟ್ಟಿಗೆಯನ್ನೂ ತಂದು ಇಳಿಸಿದ್ದಾನೆ. ಮೊದಲು ಬಾಗಿಲ ಮೇಲಿನ ಬಿರುಕಿಗೆ ಗಚ್ಚು, ಆಮೇಲೆ ಇಟ್ಟಿಗೆ ಎಂದೆ.

ಇಂಥದ್ದೇ ಒಂದು ಬಾಗಿಲು, ಹಿಂದೊಮ್ಮೆ ನಾನು ಗೌಂಡಿ ಕೆಲಸಕ್ಕೆ ಹೋಗಿದ್ದ ಸಾವರ್ಡೆಯ ಹತ್ತಿರ, ಪೋರ್ಚುಗೀಸರ ಕಾಲದ ಮನೆಯೊಂದರಲ್ಲಿತ್ತು. ಅಣ್ಣತಮ್ಮಂದಿರು ಪಾಲಾಗಿ ಅದಕ್ಕೆ ಇಟ್ಟಿಗೆ ಕಟ್ಟಿದ್ದರು. ಇಬ್ಬರೂ ತೀರಿಹೋಗಿ, ಆಚೆ ಈಚೆ ಮಾತಿಲ್ಲದ ವಾರಗಿತ್ತಿಯರು ಉಳಿದಿದ್ದರು. ಅದಿರಿನ ಲಾರಿಗಳು ಓಡಾಡಿ ನೆಲ ಅದುರಿ ಬಾಗಿಲ ಮೇಲಿನ ಜಂಬಿಟ್ಟಿಗೆ ಕಲ್ಲು ಜಾರಿತ್ತು. ಇಟ್ಟಿಗೆ ಬಿಚ್ಚಿ ಕಮಾನು ಹೊಸದಾಗಿ ಕೂಡಿಸಬೇಕು. ಅಂದೇ ಮತ್ತೆ ಮುಚ್ಚಬೇಕೆಂದು ಹಿರಿಯ ವಾರಗಿತ್ತಿಯ ಕರಾರು; ಅವರನ್ನು ನಾವು ಹಿರಿಯ ಬಾಯಿ ಅನ್ನುತ್ತಿದ್ದೆವು.

“ಗಚ್ಚು ಬಿಗಿಯೋತನಾ ಹಲಗಿ ಆಸರ ಇರಬೇಕ್ರಿ ಬಾಯಿ, ಇಟ್ಟಂಗಿ ಎಲ್ಲಿ ಕಟ್ಟಲಿ?” ಎಂದೆ.

ಬಾಯಿ ತೆರೆದ ಬಾಗಿಲಿಗೆ ಚಾದರ ಇಳಿಬಿಟ್ಟರು. ಆದರೆ ಕೆಮ್ಮಿಗೆ ಚಾದರ ಅಡ್ಡಿಯೇ? ಆಚೆಯವರು ಕೆಮ್ಮಿದರೆ, ಔಷಧಿ ತಗೊಂಡೆಯಾ ಎಂದು ಈಚೆಯವರು ಕೊಂಕಣಿಯಲ್ಲಿ ಗದರತೊಡಗಿದರು. ಆಮೇಲೆ ಚಾದರದ ಅಡಿಯಿಂದ ಮೀನಿನ ಸಾರಿನ ಬಟ್ಟಲು ಬಂತು. ಒಂದು ದಿನ ನೋಡಿದರೆ ಚಾದರ ಒಗೆಯಲು ಹೋಗಿತ್ತು.

ಗಚ್ಚು ಬಿಗಿದ ಮೇಲೆ ಆಸರೆ ಬಿಚ್ಚಿ ನಾನು ಇಟ್ಟಿಗೆ ಜೋಡಿಸಿಕೊಂಡು ಕೂತೆ. ಹಿರಿಯ ಬಾಯಿ ಬಂದು ಕಮಾನಿನ ಸಂದಿಗೆ ಬೆರಳೊತ್ತಿ, ಇನ್ನೂ ಹಸಿ ಇದೆ ಎಂದರು. ಮರುವಾರವೂ ಅದೇ ಮಾತು. ನಾನು ಸಾಲಿ ಬಿಟ್ಟು ಗಚ್ಚು ಮೆತ್ತುವ ಥಾಪಿ ಹಿಡಿದವನು. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟು ಕೊರತೆ ತೆಗೆದರೆ ನನಗೆ ಅನ್ನ ಇಳಿಯುವುದಿಲ್ಲ. ಕಲ್ಲಿನಂತಾದ ಗಚ್ಚಿಗೆ ಹಸಿ ಅನ್ನುವುದೇ? ಥಾಪಿಯಿಂದ ಬಡಿದು ತೋರಿಸಲು ಎದ್ದೆ. ಗಚ್ಚು ಹೊರುತ್ತಿದ್ದ ನನ್ನ ಹೆಂಡತಿ ಯಲ್ಲವ್ವ ಅಂಗಿ ಹಿಡಿದು ಜಗ್ಗಿದಳು.

“ಸುಮ್ನ ಕುಂದರ್ರಿ. ಬಾಯಾರು ಗಚ್ಚ ನೋಡಾಕತ್ತಿಲ್ಲ.”

ಆ ಮಳೆಗಾಲ ಕಳೆದ ಮೇಲೆ ಅತ್ತ ಹೋದಾಗ ನನ್ನ ಇಟ್ಟಿಗೆಗಳು ಅಂಗಳದಲ್ಲಿ ಪಾಚಿ ಹಿಡಿದು ಕೂತಿದ್ದವು. ಬಾಗಿಲು ಹಾಗೇ ಇತ್ತು.

ಈ ಬೆಳಿಗ್ಗೆ ಬಸಪ್ಪ ಹೊಸ್ತಿಲಲ್ಲಿ ನಿಂತು, ಯಾವಾಗ ಮುಚ್ಚುತ್ತಿ ಎಂದ. ನಾನು ಗಚ್ಚಿಗೆ ಬೆರಳೊತ್ತಿದೆ. ಗಟ್ಟಿಯಾಗಿತ್ತು. ನನ್ನ ಕೆಲಸಕ್ಕೆ ನಾನೇ ಹೆಸರಿಟ್ಟೆ.

“ಇನ್ನೂ ಹಸಿ ಐತಪಾ.”

ಅವನೂ ಕೈಯೆತ್ತಿ ಒತ್ತಿ ನೋಡಿದ. ಬಹಳ ಹೊತ್ತು ಒತ್ತಿದ.

“ಹೌದಣ್ಣ, ಹಸಿನೇ ಐತಿ” ಎಂದು, ಒಣ ಬೆರಳನ್ನು ಲುಂಗಿಗೆ ಒರೆಸಿಕೊಂಡ.