ಪಥ್ಯ ಅಂದರೆ ಸಪ್ಪೆಯಾ?

ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಕಳುವಾಯಿತು. ಕದ್ದವರು ನಮ್ಮ ಅತ್ತೆ. ಬಚ್ಚಿಟ್ಟದ್ದು ತಮ್ಮ ಟ್ರಂಕಿನಲ್ಲಿ, ಇಳಕಲ್ ಸೀರೆಗಳ ಕೆಳಗೆ. ಯಾರ ಕೈಗೂ ಸಿಗಬಾರದು ಎಂದಲ್ಲ, ನನ್ನ ಕೈಗೆ ಸಿಗಬಾರದು ಎಂದು.

ಕೆಲವು ವಾರ ಪತ್ರಿಕೆಯ ಈ ಅಂಕಣದಲ್ಲಿ ನಾನಿರಲಿಲ್ಲ, ನಿಮಗೆ ಗೊತ್ತು. ‘ಎಲ್ಲಿ ಹೋಗಿದ್ರಿ ಟೀಚರ್?’ ಎಂದು ಕೇಳಿದವರಿಗೆಲ್ಲ ‘ಸ್ವಲ್ಪ ಆರಾಮಿರಲಿಲ್ಲ’ ಎಂದು ಹೇಳಿ ಜಾರಿಕೊಂಡೆ. ಇನ್ನೇನು ಹೇಳಲಿ? ಹಾರ್ಟ್ ಆಪರೇಷನ್ ಆದರೆ ಹೇಳಿಕೊಳ್ಳುವುದಕ್ಕೂ ಒಂದು ಗತ್ತು. ಕರುಳಿನ ಆಪರೇಷನ್ ಆಯಿತು ಎಂದರೆ ಮುಂದಿನ ಪ್ರಶ್ನೆ ಕೇಳಲು ಜನ ನಾಚುತ್ತಾರೆ. (ನಾಚದವರು ಸರಿಯಾಗಿ ಊಟದ ಹೊತ್ತಿಗೇ ಕೇಳುತ್ತಾರೆ.)

ಆದದ್ದಿಷ್ಟು. ಮಗಳು ಹುಟ್ಟಿದಾಗ ಆದ ಸಿಝೇರಿಯನ್ ಗಾಯದ ಒಳಗೆಲ್ಲೋ ಕರುಳು ಅಂಟಿಕೊಂಡಿತ್ತಂತೆ. ಇಷ್ಟು ವರ್ಷ ತೆಪ್ಪಗಿದ್ದದ್ದು, ಗೋವಾದ ಸಾಂಕೋಲೆಯ ನಮ್ಮ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಗುಣಾಕಾರ ಹೇಳಿಕೊಡುವಾಗ ತಿರುಚಿಕೊಂಡಿತು. ಸೀಮೆಸುಣ್ಣ ಕೈಯಲ್ಲೇ ಇತ್ತು, ನಾನು ನೆಲದ ಮೇಲಿದ್ದೆ. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿದರೆ ಕರುಳು ಕಪ್ಪಾಗಿತ್ತು. ಸಣ್ಣ ಕರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದುಬಿಟ್ಟರು.

ಉಳಿದದ್ದೇ ಅಷ್ಟೂ ಕೆಲಸ ಮಾಡುತ್ತದಾ? ಇದು ನನ್ನ ಮೊದಲ ಪ್ರಶ್ನೆ. ಡಾಕ್ಟರು ‘ನೋಡೋಣ’ ಎಂದರು. ಡಾಕ್ಟರ ಬಾಯಿಂದ ಬರುವ ‘ನೋಡೋಣ’ ಎಷ್ಟು ಭಯಂಕರ ಶಬ್ದ ಎಂದು ಮಲಗಿದವರಿಗೇ ಗೊತ್ತು.

ಡಿಸ್ಚಾರ್ಜ್ ದಿನ ನಮ್ಮವರು ರಿಕ್ಷಾ ತರಲು ಹೋಗಿದ್ದರು. ನಾನು ಔಷಧಿಯ ಮಂಪರಿನಲ್ಲಿದ್ದೆ. ಚಿಕ್ಕ ವಯಸ್ಸಿನ ಗೋವೆಯ ಡಾಕ್ಟರಮ್ಮ ಬಂದು, ಪಕ್ಕದಲ್ಲಿದ್ದ ಅತ್ತೆಗೆ ಕೊಂಕಣಿಯಲ್ಲಿ ಎಲ್ಲವನ್ನೂ ಸಮಾಧಾನವಾಗಿ ವಿವರಿಸಿದಳು. ಅತ್ತೆಗೆ ಬರುವ ಕೊಂಕಣಿ ತರಕಾರಿಯವಳ ಜೊತೆ ಚೌಕಾಸಿ ಮಾಡಲು ಸಾಕಾಗುವಷ್ಟು. ಆದರೂ ‘ಹೂಂ, ಹೂಂ’ ಎಂದು ತಲೆಯಾಡಿಸಿದರು. ಕೊನೆಗೆ ಆಕೆ “ಪಥ್ಯ ಬರೆಂ ಸಾಂಬಾಳಾತ್” ಎಂದಳು. ಪಥ್ಯ ಚೆನ್ನಾಗಿ ನೋಡಿಕೊಳ್ಳಿ ಎಂದು.

ಪಥ್ಯ! ಅಷ್ಟೂ ಮಾತಿನಲ್ಲಿ ಅತ್ತೆಗೆ ತಿಳಿದದ್ದು ಅದೊಂದೇ. ಅದು ನಮ್ಮದೂ ಶಬ್ದವಲ್ಲವೇ? ಬಾಗಲಕೋಟೆ ಕಡೆಯ ನಮ್ಮ ಮನೆಗಳಲ್ಲಿ ಪಥ್ಯ ಅಂದರೆ ಏನು ಎಂದು ಯಾರಾದರೂ ಹೇಳಿಕೊಡಬೇಕೆ? ಸಪ್ಪನೆ ಗಂಜಿ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಮೇಲೆ ತಂಬಿಗೆಗಟ್ಟಲೆ ಬಿಸಿನೀರು.

“ಉಪ್ಪ ತಿಂದ್ರ ಗಾಯ ನಂಜ ಆಗತೈತಿ” ಎಂದರು ಅತ್ತೆ. “ಕಳ್ಳು ಕೊಯ್ದಾರ. ಅದಕ್ಕ ಆರಾಮ ಕೊಡಬೇಕು. ನೀರ ಕುಡಿ, ಹೊಟ್ಟಿ ತೊಳಕೊಂಡ ಹೋಗ್ಲಿ.” (ಕಳ್ಳು ಅಂದರೆ ಕರುಳು. ಕುಡಿಯುವ ಕಳ್ಳಿನ ಯೋಗ ನನಗೆಲ್ಲಿ?)

ಆಸ್ಪತ್ರೆಯವರು ಕೊಟ್ಟ ಫೈಲು ಅಲ್ಮಾರಿ ಸೇರಿತು. ನಮ್ಮಲ್ಲಿ ಫೈಲು ಇರುವುದು ಓದುವುದಕ್ಕಲ್ಲ, ಭದ್ರವಾಗಿಡುವುದಕ್ಕೆ. ಓಆರ್‌ಎಸ್ ಪ್ಯಾಕೆಟ್ಟುಗಳೂ ಇದ್ದವು. ಅತ್ತೆ ಒಂದನ್ನು ಹರಿದು ನಾಲಿಗೆಗೆ ಹಚ್ಚಿ ನೋಡಿ, “ಇದ್ರಾಗೂ ಉಪ್ಪೈತಿ” ಎಂದು ಅವನ್ನೂ ಟ್ರಂಕಿಗೆ ಹಾಕಿದರು. ನಾನು ಬೇಡ ಎನ್ನಲಿಲ್ಲ. ಬಿಎಡ್ ಮಾಡಿದರೇನಾಯಿತು, ಪಥ್ಯ ಅಂದರೆ ಸಪ್ಪೆ ಎಂದೇ ಬೆಳೆದವಳು ನಾನೂ.

ಆಮೇಲೆ ಶುರುವಾಯಿತು ನೋಡಿ ಓಟ. ಗಂಜಿ ಕುಡಿಯುವುದು, ಓಡುವುದು. ನೀರು ಕುಡಿಯುವುದು, ಓಡುವುದು. ಕುಡಿದದ್ದಕ್ಕಿಂತ ಹೋದದ್ದೇ ಜಾಸ್ತಿ. ಬಾಯಾರಿಕೆ ಎಂದರೆ ಅಂಥ ಬಾಯಾರಿಕೆ ನಾನು ಜನ್ಮದಲ್ಲಿ ಕಂಡಿಲ್ಲ. ಕುಡಿದಷ್ಟೂ ನಾಲಿಗೆ ಒಣಗುತ್ತಿತ್ತು. ಕನ್ನಡಿಯಲ್ಲಿ ಕಣ್ಣು ಗುಳಿ ಬಿದ್ದಿದ್ದವು. ಬಳೆ ಮೊಣಕೈತನಕ ಜಾರುತ್ತಿತ್ತು. ಹೊಟ್ಟೆಯಲ್ಲಿ ಗುಳುಗುಳು ಎಂದರೆ ಸಾಕು, ಉಳಿದ ಕರುಳು ಕೈಕೊಟ್ಟಿತು, ನನ್ನ ಕಥೆ ಮುಗಿಯಿತು ಎಂದೇ ಅಂದುಕೊಂಡೆ. ಹತ್ತು ವರ್ಷದ ಮಗಳ ಜಡೆ ಹಾಕುತ್ತ, ಇವಳಿಗೆ ಇನ್ನು ಜಡೆ ಹಾಕುವವರು ಯಾರು ಎಂದು ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲೇ ಕಾಲು ಸೆಟೆದು ಕುಸಿದೆ. ನಮ್ಮವರು ಮುರ್ಮುಗಾಂವ್ ಬಂದರಿನಲ್ಲಿ ಕ್ರೇನ್ ಓಡಿಸುವವರು. ಡ್ಯೂಟಿಗೆ ಹೊರಟಿದ್ದವರು ಹೊತ್ತುಕೊಂಡೇ ರಿಕ್ಷಾ ಹತ್ತಿಸಿದರು. ಅತ್ತೆ ಜೊತೆಗೇ ಬಂದರು, ಕೈಯಲ್ಲಿ ನೀರಿನ ತಂಬಿಗೆ ಸಮೇತ.

ಅದೇ ಡಾಕ್ಟರಮ್ಮ. ಸಲೈನ್ ಹಚ್ಚಿ, “ಏನು ಊಟ ಕೊಡ್ತೀರಿ?” ಎಂದು ಹಿಂದಿಯಲ್ಲಿ ಕೇಳಿದಳು. ನಮ್ಮವರು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದರು. ಅತ್ತೆಯ ಮುಖದಲ್ಲಿ ಹೆಮ್ಮೆ.

“ಒಂದ ಹರಳ ಉಪ್ಪ ಸೈತ ಹಾಕಿಲ್ರಿ ಡಾಕ್ಟರ್ ಬಾಯಾರ. ನೀರ ಮಾತ್ರ ಭಾಳ ಕುಡಿಸೇನ್ರಿ.”

ನಮ್ಮವರು ಅದನ್ನು ಹಿಂದಿಗೆ ತಿರುಗಿಸಿದರು. ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತಳು.

ಆಮೇಲೆ ಆಕೆ ಹೇಳಿದ್ದು ಕೇಳಿ. ಗಿಡ್ಡವಾದ ಕರುಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳಲಾರದು. ಬರೀ ನೀರು ಕುಡಿದರೆ ಅದು ಮೈಯ ಉಪ್ಪನ್ನೂ ಎಳೆದುಕೊಂಡು ಹೊರಗೆ ಹೋಗುತ್ತದೆ. ನನಗೆ ಬೇಕಾಗಿದ್ದ ಪಥ್ಯ ಪೂರಾ ಉಲ್ಟಾ. ಊಟಕ್ಕೆ ಉಪ್ಪು ಇರಬೇಕು. ಬರೀ ನೀರು ಕಮ್ಮಿ, ಓಆರ್‌ಎಸ್ ಗುಟುಕು ಗುಟುಕಾಗಿ. ಊಟ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಡಿಸ್ಚಾರ್ಜ್ ದಿನ ಅತ್ತೆ ‘ಹೂಂ’ ಎಂದದ್ದು ಇದಕ್ಕೇ!

ಕತ್ತರಿಸಿದ ಕರುಳು ಮತ್ತೆ ಉದ್ದ ಬೆಳೆಯುವುದಿಲ್ಲವಂತೆ. ಆದರೆ ಅದರ ಒಳಗೋಡೆಗೆ ಟರ್ಕಿ ಟವೆಲ್ಲಿಗೆ ಇರುವಂಥ ಸಣ್ಣ ಸಣ್ಣ ಎಳೆಗಳಿವೆ. ಅವು ನಿಧಾನವಾಗಿ ಉದ್ದವಾಗುತ್ತವೆ. ಕರುಳು ತುಸು ಅಗಲವಾಗುತ್ತದೆ. ಬಂದದ್ದನ್ನು ದಡಬಡ ದಾಟಿಸದೆ ತಡೆದು ಹೀರಲು ಕಲಿಯುತ್ತದೆ. ಕಲಿಸುವವರು ಯಾರು? ಅದರ ಮೇಲೆ ಹಾದುಹೋಗುವ ಊಟವೇ. ಆರಾಮ ಕೊಟ್ಟರೆ ಅದು ಕಲಿಯುವುದೇ ಇಲ್ಲ.

“ಗ್ಯಾಂಗಿನ್ಯಾಗ ಅರ್ಧ ಮಂದಿ ಬರ್ಲಿಲ್ಲಂದ್ರ ಉಳದವ್ರು ಹಡಗ ಖಾಲಿ ಮಾಡಂಗಿಲ್ಲೇನು? ಹಂಗ ಇದು” ಎಂದರು ನಮ್ಮವರು. ನನಗೆ ಧೈರ್ಯ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ.

“ಕಲಿಯದೇ ಇದ್ದರೆ?” ಎಂದೆ ನಾನು.

ಆಕೆ ಸುಳ್ಳು ಹೇಳಲಿಲ್ಲ. ಆಗ ರಕ್ತನಾಳದ ಮೂಲಕವೇ ಊಟ ಕೊಡಬೇಕಾಗುತ್ತದೆ ಎಂದಳು. ತಿಂಗಳುಗಟ್ಟಲೆ ಕಾಯಬೇಕು, ಕೆಲವರಿಗೆ ಒಂದೆರಡು ವರ್ಷವೂ ಹಿಡಿಯುತ್ತದೆ, ಈಗಲೇ ಏನೂ ಹೇಳಲಾಗದು ಎಂದಳು.

ಅತ್ತೆ ಎಲ್ಲವನ್ನೂ ಮಗನ ಬಾಯಿಂದ ಕೇಳಿಸಿಕೊಂಡರು. ತಂಬಿಗೆಯನ್ನು ಮಂಚದ ಕೆಳಗೆ ಸರಿಸಿದರು. “ಹಂಗಾರ ನಾನs ನಿನ್ನ ಕೊಲ್ಲಾಕ ಹೊಂಟಿದ್ನೇನ ಯವ್ವಾ?” ಎಂದು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೂ ದುಃಖ ತಡೆಯಲಾಗಲಿಲ್ಲ. ಆ ಹೆಂಗಸು ಅಷ್ಟು ದಿನ ತಾನೂ ಸಪ್ಪೆ ಉಂಡಿದ್ದಳು, ನನ್ನೆದುರು ಖಾರ ಉಣ್ಣಬಾರದು ಎಂದು.

ಯಾರನ್ನು ಬೈಯಲಿ, ಹೇಳಿ? ನಾವು ಗೋವಾದ ಕನ್ನಡಿಗರು ಅರ್ಧ ತಿಳಿದ ಮಾತಿಗೆ ಪೂರ್ತಿ ತಲೆಯಾಡಿಸುವುದರಲ್ಲಿ ನಿಸ್ಸೀಮರು. ಪಂಚಾಯ್ತಿಯಲ್ಲಿ, ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಎಲ್ಲ ಕಡೆ ನಮ್ಮದು ‘ಹೂಂ’. ‘ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ’ ಎನ್ನಲು ಏನು ನಾಚಿಕೆಯೋ! ಪೂರಾ ತಿಳಿಯದ ಮಾತಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆವು. ತಿಳಿದ ಹಾಗೆ ಕೇಳಿಸಿದ್ದೇ ನನ್ನನ್ನು ಮಲಗಿಸಿತು.

ಈಗ ಮನೆಯಲ್ಲಿದ್ದೇನೆ. ತೂಕ ಏರಿಲ್ಲ, ಇಳಿದೂ ಇಲ್ಲ. ಇಳಿಯದಿರುವುದೇ ದೊಡ್ಡದು ಎನ್ನುತ್ತಾಳೆ ಡಾಕ್ಟರಮ್ಮ. ಹೊರಗೆ ಹೆಜ್ಜೆ ಇಡಲು ಇನ್ನೂ ಭಯ. ವಾಸ್ಕೋ ಬಸ್ಸು ಹತ್ತಿದರೆ ಕಿಟಕಿಯಿಂದ ನಾನು ಹುಡುಕುವುದು ಶೌಚಾಲಯವನ್ನೇ. ಒಂದು ಪೀರಿಯಡ್ ಪೂರ್ತಿ ಬೋರ್ಡಿನ ಮುಂದೆ ನಿಲ್ಲಬಲ್ಲೆನಾ? ಮಕ್ಕಳ ಮುಂದೆ ಮಾನ ಹೋದರೆ? ರಜೆ ಮುಗಿಯುತ್ತ ಬಂದಿದೆ. ಕರುಳಿನ ಪಾಠ ಎಲ್ಲಿಗೆ ಬಂತೆಂದು ಯಾರೂ ಹೇಳುತ್ತಿಲ್ಲ.

ಅತ್ತೆ ಮಾತ್ರ ಹೊತ್ತುಹೊತ್ತಿಗೆ ಸಣ್ಣ ಬಟ್ಟಲು ಹಿಡಿದು ಎದುರು ಬಂದು ಕೂರುತ್ತಾರೆ. ಮೊನ್ನೆ ಮೆತ್ತಗಿನ ಅನ್ನ, ಉಪ್ಪು ಹಾಕಿದ ಬೇಳೆ ಕಲಸಿ ತಂದಿದ್ದರು. ತುತ್ತು ಬಾಯಿಗೆ ಹೋಗಲಿಲ್ಲ. ತಿಂದರೆ ಮತ್ತೆ ಓಡಬೇಕಲ್ಲ ಎಂಬ ಹೆದರಿಕೆ.

“ಅತ್ತಿ, ಇದು ಕಲೀದs ಹೋದ್ರ ಏನ್ ಮಾಡೂದ್ರಿ?” ಎಂದೆ.

ಅವರು ಬಟ್ಟಲನ್ನು ಇನ್ನಷ್ಟು ಹತ್ತಿರ ತಳ್ಳಿದರು.

“ಎಪ್ಪತ್ತ ದಾಟಿದಾಕಿ ನಾನs ಪಥ್ಯ ಹೊಸದಾಗಿ ಕಲತೇನಿ. ನಿನ್ನ ಕಳ್ಳಿಗೇನ ಧಾಡಿ?”