ಪಲ್ಲವಿಯ ತಾರೀಖುಗಳು

ಶ್ರೀಶೈಲ ಮುದ್ದೇಬಿಹಾಳದ ಮಾರುಕಟ್ಟೆ ಪ್ರಾಂಗಣದಲ್ಲಿ ಗುಮಾಸ್ತ. ತೊಗರಿ ಎಷ್ಟು ಬಂತು, ಯಾವ ದರಕ್ಕೆ ಹೋಯಿತು ಎಂದು ದಿನವೂ ಎಕ್ಸೆಲ್‌ನಲ್ಲಿ ತುಂಬುವುದು ಅವನ ಕೆಲಸ. ಹಾಗಾಗಿ ಮಗಳು ಪಲ್ಲವಿಗೆ ಪಿಯುಸಿ ಓದುವಾಗ ಮೊದಲ ಸಲ ಫಿಟ್ಸ್ ಬಂದಾಗ, ಏನು ಮಾಡಬೇಕೆಂದು ತೋಚದೆ ಮನೆಯ ಕಂಪ್ಯೂಟರಿನಲ್ಲಿ ಒಂದು ಹೊಸ ಹಾಳೆ ತೆರೆದ. ತಾರೀಖು ಬರೆದಿಡಿ ಎಂದಷ್ಟೇ ವಿಜಯಪುರದ ಡಾಕ್ಟರ್ ಹೇಳಿದ್ದರು. ಇವನು ನಿದ್ದೆ, ಊಟ, ಬಿಸಿಲು, ಅಮಾವಾಸ್ಯೆ ಎಲ್ಲಕ್ಕೂ ಒಂದೊಂದು ಅಂಕಣ ಮಾಡಿದ. ಎಲ್ಲೋ ಒಂದು ಕಾರಣ ಇದ್ದೇ ಇರುತ್ತದೆ, ಅದು ಸಿಕ್ಕರೆ ತಪ್ಪಿಸಬಹುದು ಎಂಬುದು ಅವನ ನಂಬಿಕೆ.

ಪಲ್ಲವಿ ಬಿ.ಕಾಂ. ಸೇರಿದಳು. ಮಾತ್ರೆ ಬದಲಾದವು. ಹಾಳೆ ಉದ್ದವಾಯಿತು. ಕಾರಣ ಮಾತ್ರ ಸಿಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಕಂಪ್ಯೂಟರ್ ಕೆಟ್ಟಿತು. ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಶಕೀಲ ಅದನ್ನು ಸರಿ ಮಾಡಿ ಕೊಡುವಾಗ ತಲೆ ಕೆರೆದುಕೊಂಡ.

"ಫೈಲ್ ಉಳದಾವ್ರಿ ಸರ. ಎಕ್ಸೆಲ್ ಹೋತು. ಮೊದಲ ಇದ್ದದ್ದು ರೊಕ್ಕ ಕೊಡದ ಕಾಪಿ ಮಾಡಿದ್ದು, ಅಂಥಾವು ಈಗ ನಾ ಹಾಕೂದಿಲ್ಲ. ಬೇಕಂದ್ರ ಖರೀದಿ ಮಾಡ್ರಿ. ಇಲ್ಲಾಂದ್ರ ಪುಕ್ಕಟ ಸಿಗೂವು ಬ್ಯಾರೆ ಅದಾವ, ಅದರಾಗ ಒಂದ ಆರಿಸ್ಕೊಳ್ರಿ. ನಿಮ್ಮ ಹಾಳಿ ಎಲ್ಲಾದ್ರಾಗೂ ತೆರೀಲಿ ಅಂತ ಸಾದಾ ಫೈಲ್ ಮಾಡಿ ಕೊಟ್ಟೇನಿ."

ಆರಿಸಿಕೊಳ್ಳುವುದು ಸಣ್ಣ ಕೆಲಸ ಎಂದುಕೊಂಡಿದ್ದ ಶ್ರೀಶೈಲನಿಗೆ ಅದು ದಿನಗಟ್ಟಲೆ ಹಿಡಿಯಿತು. ಮೊದಲನೆಯದು ಇಂಟರ್ನೆಟ್ಟಿನಲ್ಲೇ ನಡೆಯುವಂಥದ್ದು. ಎಲ್ಲ ಚೆನ್ನಾಗಿತ್ತು, ಆದರೆ ಹಾಳೆ ತನ್ನ ಮನೆಯಲ್ಲಿ ಇರುವುದಿಲ್ಲ ಎಂಬುದು ಅವನಿಗೆ ಸರಿಬರಲಿಲ್ಲ. ಮಗಳ ವಿಷಯ ಸಿಂದಗಿಯ ತಮ್ಮನಿಗೂ ಹೇಳಿರಲಿಲ್ಲ. ಎರಡನೆಯದರಲ್ಲಿ ಗ್ರಾಫ್ ಬರುತ್ತಿರಲಿಲ್ಲ. ಮೂರನೆಯದನ್ನು ಕಂಪ್ಯೂಟರಿನಲ್ಲೇ ಇಳಿಸಿಕೊಳ್ಳಬಹುದಿತ್ತು, ಕನ್ನಡವೂ ಸರಿಯಾಗಿ ಕಾಣುತ್ತಿತ್ತು. ಅದನ್ನೇ ಇಟ್ಟುಕೊಂಡ.

ಶಕೀಲ ಕೊಟ್ಟ ಫೈಲನ್ನು ಅದರಲ್ಲಿ ತೆರೆಯಲು ಹೋದಾಗ ಪರದೆಯ ಮೇಲೆ ಒಂದು ದೊಡ್ಡ ಚೌಕ ಬಂದು, ತಾರೀಖಿನಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂದೆಲ್ಲ ಏನೇನೋ ಕೇಳಿತು. ಓದದೆ 'ಸರಿ' ಒತ್ತಿದ. ಹಾಳೆ ತೆರೆಯಿತು. ಖುಷಿಯಿಂದ ಹಳೆಯ ಫೈಲಿನ ಮೇಲೆಯೇ ಉಳಿಸಿದ. ಆಮೇಲೆ ಗ್ರಾಫ್ ತೆಗೆದು ನೋಡಿದರೆ ಏನೋ ಹೆಚ್ಚುಕಡಿಮೆ. ಇನ್ನೂ ಬಾರದ ಡಿಸೆಂಬರ್ ತಿಂಗಳಿಗೂ ಫಿಟ್ಸ್ ದಾಖಲಾಗಿಬಿಟ್ಟಿತ್ತು. ಕೆಲವು ಸಾಲುಗಳಲ್ಲಿ ದಿನ ತಿಂಗಳಾಗಿತ್ತು, ತಿಂಗಳು ದಿನವಾಗಿತ್ತು. ತಿರುಗುಮುರುಗಾದದ್ದು ಯಾವುದು, ಸರಿ ಇದ್ದದ್ದು ಯಾವುದು ಎಂದು ಹುಡುಕಿ ಹುಡುಕಿ ತಿದ್ದಿದ. ತಿದ್ದಿದ್ದನ್ನೇ ಮತ್ತೆ ತಿದ್ದಿ ಇನ್ನಷ್ಟು ಕೆಡಿಸಿದ. ಶಕೀಲನಿಗೆ ಫೋನ್ ಮಾಡಿದರೆ, ತನ್ನ ಹತ್ತಿರದ ಪ್ರತಿ ಅಳಿಸಿಯಾಗಿದೆ ಎಂದ.

ಕೊನೆಗೆ ಹೆಂಡತಿ ಸುನಂದಾಳನ್ನು ಕರೆದ. ಅವಳು ರೊಟ್ಟಿಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಇದು ಮಾರ್ಚ್ ನಾಕನೇ ತಾರೀಖೋ, ಏಪ್ರಿಲ್ ಮೂರನೇ ತಾರೀಖೋ, ನಿನಗ ನೆನಪೈತೇನು?"

"ಏಪ್ರಿಲ್‌ನ್ಯಾಗ ನಮ್ಮ ಹಿಪ್ಪರಗಿ ತವರ್ಮನ್ಯಾಗ ಸೀಮಂತ ಇತ್ತಲ್ರಿ, ಆವತ್ತ. ಕುಬಸದ ತಾಟ ಕೈಯಾಗ ಹಿಡ್ಕೊಂಡs ಬಿದ್ಲು. ಬಿಸಲಿಗೆ ತಲಿ ತಿರಿಗೇತಿ ಅಂತ ಮಂದಿಗೆ ಹೇಳಿದ್ವಿ," ಎಂದಳು ಸುನಂದಾ. ಅವನು ಮುಂದಿನ ಸಾಲಿಗೆ ಬೆರಳಿಟ್ಟ. ಅವಳ ಮುಖ ಕಪ್ಪಾಯಿತು. "ಸಾಕ್ರಿ. ಒಂದೊಂದs ಮತ್ತ ನೋಡಿದಂಗ ಆಗಾಕತ್ತೈತಿ. ನಾ ಮರೀಬೇಕಂತ ಮಾಡೇನಿ, ನೀವು ಕೆದರಿ ಕೆದರಿ ಕೇಳ್ತೀರಿ."

ಅವಳು ಒಳಗೆ ಹೋದಳು. ಪಲ್ಲವಿಯನ್ನು ಕೇಳಿ ಉಪಯೋಗವಿರಲಿಲ್ಲ. ಬಿದ್ದದ್ದು ಅವಳಿಗೆ ಒಂದು ಸಲವೂ ನೆನಪಿರುತ್ತಿರಲಿಲ್ಲ.

ಡಾಕ್ಟರ್ ಹತ್ತಿರ ಹೋಗುವ ದಿನ ಬಂತು. ತಾರೀಖುಗಳು ಕೆಟ್ಟಿವೆ ಎಂದು ಹೇಳಿ ಶ್ರೀಶೈಲ ಪ್ರಿಂಟ್ ತೆಗೆಸಿದ ಹಾಳೆಗಳನ್ನು ಮೇಜಿನ ಮೇಲಿಟ್ಟ. ಡಾಕ್ಟರ್ ಹಾಳೆಗಳನ್ನು ತಿರುವಿ ನೋಡಿ ಪಕ್ಕಕ್ಕಿಟ್ಟರು.

"ಹೋದ ಸಲಕ್ಕಿಂತ ಕಡಿಮಿ ಆಗ್ಯಾವೋ, ಜಾಸ್ತಿನೋ? ನನಗ ಅಷ್ಟ ಗೊತ್ತಾದ್ರ ಸಾಕು."

"ಮೊದಲಿನಷ್ಟ ಅದಾವ್ರಿ. ಆದ್ರ ಯಾಕ ಬರ್ತಾವ ಅಂತ ಇದರಾಗ ಸಿಗೂದಿಲ್ಲೇನ್ರಿ?"

"ಕೆಲವರಿಗೆ ಕಾರಣ ಸಿಗ್ತೈತಿ. ಇವರದು ಇನ್ನೂ ಸಿಕ್ಕಿಲ್ಲ. ಸಿಗ್ತೈತಿ ಅಂತ ನಾ ಸುಳ್ಳ ಹೇಳಾಕ ಬರೂದಿಲ್ಲ." ಡಾಕ್ಟರ್ ಮಾತ್ರೆಯ ಪ್ರಮಾಣ ಬದಲಿಸಿ ಬರೆದರು.

ವಾಪಸು ಬರುವಾಗ ಬಸ್ಸು ಬಸವನ ಬಾಗೇವಾಡಿಯಲ್ಲಿ ನಿಂತಿತು. ಪಲ್ಲವಿ ಕಿಟಕಿಯ ಕಡೆಗೆ ಮುಖ ಮಾಡಿಯೇ ಮಾತಾಡಿದಳು.

"ಅಪ್ಪಾ, ಸಿಟ್ಟಿಗೇಳಬ್ಯಾಡ. ಬೆಳಿಗ್ಗೆ ಎದ್ದ ಕೂಡ್ಲೇ ನಿದ್ದಿ ಆತೇನು ಅಂತ ಕೇಳ್ತಿ. ಉಂಡ್ರ ತಾಟ ನೋಡ್ತಿ. ನಾ ಯಾವಾಗ ಬೀಳ್ತೇನಿ ಅಂತ ಕಾಯ್ಕೋತ ಕುಂತಂಗ ಅನಸ್ತೈತಿ ನನಗ."

"ಹಂಗಲ್ಲವಾ..."

"ಗೊತ್ತೈತಿ ಹಂಗಲ್ಲ ಅಂತ. ಆದ್ರೂ ಅನಸ್ತೈತಿ. ಇನ್ನ ಮ್ಯಾಲ ನಂದು ನಾನs ಬರ್ಕೋತೇನಿ."

ಶ್ರೀಶೈಲ ಊರು ಮುಟ್ಟುವವರೆಗೂ ಮೊಣಕಾಲ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ.

ಪಲ್ಲವಿ ಹೇಳಿದ ಹಾಗೆಯೇ ಮಾಡಿದಳು. ಅಪ್ಪ ಕಷ್ಟಪಟ್ಟು ಆರಿಸಿದ ತಂತ್ರಾಂಶ ಅವಳಿಗೆ ಬೇಕಾಗಲಿಲ್ಲ. ಇಂಟರ್ನೆಟ್ಟಿನದನ್ನೇ ತನ್ನ ಫೋನಿಗೆ ಹಾಕಿಕೊಂಡಳು. "ಕಾಲೇಜಿನ್ಯಾಗ ಬಂದ್ರ ನಿನ್ನ ಕಂಪ್ಯೂಟರ್ ತನಕ ಬರೂದೆಲ್ಲಿ?" ಎಂದಳು. ಗೆಳತಿ ಯಾಸ್ಮಿನ್‌ಗೆ ಕಾಯಿಲೆಯ ಬಗ್ಗೆ ತಿಳಿಸಿ, ಆ ಹಾಳೆಯನ್ನು ಅವಳಿಗೂ ಕಾಣುವಂತೆ ಮಾಡಿದಳು. ಶ್ರೀಶೈಲನಿಗೆ ಅದು ಆಮೇಲೆ ಗೊತ್ತಾಯಿತು. ತಾನು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳು ಒಂದೇ ಮಾತಿನಲ್ಲಿ ಹೊರಗಿನವರಿಗೆ ಹೇಳಿಬಿಟ್ಟಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಪಲ್ಲವಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಸದ್ದಿಲ್ಲದೆ ಕುಸಿದಳು. ಶ್ರೀಶೈಲ ಓಡಿಹೋಗಿ ಅವಳನ್ನು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಒದ್ದೆ ಬೆಡ್‌ಶೀಟು ಮಡಚಿ ಇಟ್ಟ. ಅದಕ್ಕಿಂತ ಹೆಚ್ಚು ಮಾಡುವುದು ಏನೂ ಇರಲಿಲ್ಲ. ಕೈಕಾಲು ಅದುರುವುದು ನಿಲ್ಲುವವರೆಗೆ ಅವನೂ ಸುನಂದಾಳೂ ಬಿಸಿ ಕಲ್ಲಿನ ಮೇಲೆ ಕೂತೇ ಇದ್ದರು.

ಸಂಜೆ ಎದ್ದ ಪಲ್ಲವಿ ಚಹಾ ಕುಡಿದು ಫೋನ್ ಕೈಗೆತ್ತಿಕೊಂಡಳು. ಶ್ರೀಶೈಲ ಬಾಗಿಲಲ್ಲಿ ನಿಂತಿದ್ದ.

"ಏನೇನು ಬರದಿವಾ?" ಎಂದು ಕೇಳಿದ.

"ತಾರೀಖು," ಎಂದಳು.

ನಿದ್ದೆ, ಊಟ ಅಂತ ಇನ್ನೇನಾದರೂ ಹೇಳುತ್ತಾಳೇನೋ ಎಂದು ಅವನು ಕಾದ. ಆಮೇಲೆ ಅಂಗಳಕ್ಕೆ ಹೋಗಿ, ಮಣ್ಣಾದ ಬಟ್ಟೆಗಳನ್ನು ಆರಿಸಿ ಮತ್ತೆ ಬಕೆಟ್ಟಿಗೆ ಹಾಕತೊಡಗಿದ.