ಮಗ್ಗದ ಒತ್ತು

ನಂದಿನಿಯ ಕೈಗೆ ಅಕ್ಷರ ಕೊಡಬಾರದು. ಕೊಟ್ಟಿರೋ, ನಿಮ್ಮ ದಿನ ಕೆಟ್ಟಿತು. ಶಹಾಪುರ ಬಸ್ ಸ್ಟ್ಯಾಂಡಿನ ಹಿಂದಿರುವ ಅವಳ ಅಂಗಡಿಗೆ ಮದುವೆ ಕಾರ್ಡು ಮಾಡಿಸಲು ಹೋದವರನ್ನು ಕೂರಿಸಿಕೊಂಡು, ಈ ‘ಶ್ರೀ’ ನೋಡ್ರಿ, ಆ ‘ಶ್ರೀ’ ನೋಡ್ರಿ ಎಂದು ತಲೆ ತಿನ್ನುತ್ತಾಳೆ. ಸದಾ ಅವಸರದ ನನ್ನಂಥವಳಿಗೆ ಮೈ ಉರಿಯುತ್ತದೆ. ಆದರೂ ಸುರಪುರದ ಕೆಲವು ಹೆಂಗಸರು ಸೇರಿ ಸೀರೆ, ಉಡುಪು, ನೇಯ್ಗೆಗೆಂದೇ ಪತ್ರಿಕೆ ತರಲು ಹೊರಟಾಗ, ಸಂಪಾದಕಿಯಾದ ನಾನು ಹೋದದ್ದು ಅವಳ ಬಳಿಗೇ.

ಮೊದಲ ಸಂಚಿಕೆಯ ಮುಖಪುಟಕ್ಕೆ ಕಕ್ಕೇರಾದ ಸುಂದ್ರಮ್ಮ ನೇಯ್ದ ಸೀರೆಯ ಫೋಟೊ. ನಂದಿನಿಯೂ ಅವಳ ಓಣಿಯಲ್ಲೇ ಬೆಳೆದವಳು. ಸುಂದ್ರಮ್ಮನಿಗೆ ಮಕ್ಕಳಿಲ್ಲ. ಬಸುರಿಯರ ಕುಬುಸದ ಕಾರ್ಯಕ್ಕೆ ಊರಿನವರಿಗೆ ಅವಳು ನೇಯ್ದ ಸೀರೆ ಬೇಕು, ಉಡಿ ತುಂಬಲು ಅವಳ ಕೈ ಬೇಡ. ನಾಲ್ಕು ಜನರೆದುರು ಬರಲು ಒಲ್ಲೆನೆನ್ನುತ್ತಿದ್ದವಳನ್ನು ಒಪ್ಪಿಸಿದ್ದು ನಂದಿನಿ. ಈ ಮುಖಪುಟದಿಂದ ಸುಂದ್ರಮ್ಮನಿಗೆ ಊರಲ್ಲಿ ಮರ್ಯಾದೆ ಬರಬೇಕು, ಅದೊಂದೇ ನಂದಿನಿಯ ಹಟ.

ಮುಖಪುಟದ ಶೀರ್ಷಿಕೆ ‘ಸುಂದ್ರಮ್ಮನ ಮಗ್ಗ’ ಎಂಬ ಎರಡು ಪದಗಳಿಗೆ ನಂದಿನಿ ಫಾಂಟ್ ಹುಡುಕಿದ್ದನ್ನು ನಾನು ಬೆರಗಾಗಿ ನೋಡಿದೆ. ಸೀರೆಯನ್ನು ಗೋಡೆಗೆ ತೂಗುಹಾಕಿ, ಪಕ್ಕದಲ್ಲಿ ಒಂದೊಂದು ಫಾಂಟಿನ ಹಾಳೆ ಅಂಟಿಸಿ, ರಸ್ತೆ ದಾಟಿ ನಿಂತು ನೋಡುವಳು. ತೆಳ್ಳಗಿನ ಸ್ಟೈಲಿನ ಅಕ್ಷರಗಳು ಸೀರೆಯ ಪಕ್ಕ ಉಪವಾಸ ಬಿದ್ದವರಂತೆ ಕಂಡವು. ಮದುವೆ ಕಾರ್ಡಿನವು ಬಾಸಿಂಗ ಕಟ್ಟಿಕೊಂಡು ನಿಂತಿದ್ದವು. ಕೊನೆಗೆ ದುಂಡನೆಯ ಒಂದನ್ನು ಹಿಡಿದಳು. ಅದರ ‘ಮ’ ತಿರುಗುವ ರೀತಿಯೂ ಅಂಚು ಮುಟ್ಟಿದ ನೂಲು ಹಿಂದಿರುಗುವ ರೀತಿಯೂ ಒಂದೇ ಎಂದು ಬೆರಳಿಟ್ಟು ತೋರಿಸಿದಳು. ಚಿಕ್ಕಂದಿನಿಂದ ಕನ್ನಡ ಓದಿದ ನನಗೆ ‘ಮ’ವನ್ನು ಅವತ್ತೇ ಕಂಡಂತಾಯಿತು.

ಅಚ್ಚಿಗೆ ಕಳಿಸುವ ಮುನ್ನ ತೋರಿಸೋಣವೆಂದು ಸುಂದ್ರಮ್ಮನನ್ನು ಕರೆಸಿದೆವು. ವಯಸ್ಕರ ಶಾಲೆಯಲ್ಲಿ ಕಲಿತವಳು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೇಲಿನ ಸಾಲು ಸರಿಯಾಗಿಯೇ ಬಂತು. ಕೆಳಗಿನ ಸಾಲಿನಲ್ಲಿ ಅವಳ ಬೆರಳು ನಿಂತಿತು.

“ಸುಂದ್ರಮ್ಮನ... ಮಗ.”

ಸೀರೆಯ ಅಂಚು ಒಂದಿಷ್ಟೂ ಕತ್ತರಿಸಬಾರದೆಂದು ನಂದಿನಿ ಅಕ್ಷರಗಳ ಕೆಳಗಿದ್ದ ಫೋಟೊವನ್ನು ಮೇಲಕ್ಕೆ ಸರಿಸಿದ್ದಳು. ‘ಗ’ದ ಕೆಳಗಿನ ಒತ್ತು ಅದರಡಿ ಮುಚ್ಚಿಹೋಗಿತ್ತು. ಇಷ್ಟು ದಿನ ನೋಡಿದ ನಮಗಿಬ್ಬರಿಗೂ ಅದು ಗೊತ್ತಾಗಿರಲಿಲ್ಲ. ನಮ್ಮ ಕಣ್ಣು ಇಲ್ಲದ ಒತ್ತನ್ನೂ ಓದಿಕೊಂಡು ಹೋಗಿತ್ತು. ಮಂದಿ ಆಡಿಕೊಳ್ಳುವ ಹಾಳೆಯನ್ನು ಕೈಯಾರೆ ಮಾಡಿಟ್ಟೆನಲ್ಲ ಎಂದು ನಂದಿನಿಯ ಮುಖ ಬಿಳಿಚಿತು.

ಅವಳು ನೆಪ ಹೇಳಲಿಲ್ಲ. ತಪ್ಪು ತನ್ನದೆಂದು ಹೇಳಿ ಕಂಪ್ಯೂಟರಿನ ಮುಂದೆ ಕೂತಳು. ಫೋಟೊ ಕೆಳಗಿಳಿಸಿದ್ದರೆ ಕೆಲಸ ಮುಗಿಯುತ್ತಿತ್ತು, ಅಂಚು ಕತ್ತರಿಸೀತೆಂದು ಇಳಿಸಲಿಲ್ಲ. ಅಷ್ಟು ಆಸೆಪಟ್ಟು ಹಿಡಿದ ಫಾಂಟನ್ನೇ ಬಿಟ್ಟು, ಒತ್ತುಗಳು ಮೈತುಂಬಿಕೊಂಡಿದ್ದ ಬೇರೊಂದನ್ನು ತಂದು, ಆ ಒತ್ತನ್ನು ಸೀರೆಯ ಕೆಂಪು ಅಂಚಿನ ಮೇಲೆಯೇ ಇಳಿಬಿಟ್ಟಳು. ಅದು ಸುಂದ್ರಮ್ಮನೇ ನೇಯ್ದಿಟ್ಟ ಬುಟ್ಟಾದ ಹಾಗೆ ಕೂತಿತು.

ಸುಂದ್ರಮ್ಮ ಹೊಸ ಹಾಳೆಯನ್ನು ನಿಧಾನವಾಗಿ ಓದಿ, ಮಂದಿಗೆ ಇದನ್ನೇ ಕೊಡು ಎಂದಳು. ನಂದಿನಿ ಹಳೆಯದನ್ನು ಹರಿಯಲು ಎತ್ತಿಕೊಂಡಳು.

“ಅದನ್ನ ಹರೀಬ್ಯಾಡವಾ,” ಎಂದಳು ಸುಂದ್ರಮ್ಮ. “ಅದು ನನಗ ಇರ್ಲಿ. ಮನ್ಯಾಗ ಇಟ್ಕೋತೀನಿ.”

ನಂದಿನಿ ಮಡಿಕೆ ಬೀಳದಂತೆ ಸುರುಳಿ ಸುತ್ತಿ ಕೊಟ್ಟಳು. ಕಕ್ಕೇರಾ ಬಸ್ಸಿನತನಕ ನಾನೂ ಜೊತೆಗೆ ನಡೆದೆ. ಸುಂದ್ರಮ್ಮ ಕಿಟಕಿ ಬದಿ ಸೀಟು ಹಿಡಿದು, ಗಾಳಿ ಬಡಿಯದಂತೆ ಸೆರಗು ಹೊದಿಸಿ, ಹಾಳೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.